ಬೆವರುವ ಖಳನನ್ನು ಬರೆಯುವುದು ಹೇಗೆ?

ವೈಜ್ಞಾನಿಕ ಯುದ್ಧಕಥೆ ಬರೆಯಲು ಕೂತವರು ಮೊದಲು ನೌಕೆ ಕಟ್ಟುತ್ತಾರೆ, ಆಮೇಲೆ ಅಸ್ತ್ರ, ಆಮೇಲೆ ನಾಯಕ. ಖಳನ ಸರದಿ ಬರುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಕೆನ್ನೆಗೊಂದು ಗಾಯದ ಗುರುತು, ಬಾಯಿಗೊಂದು ಅಟ್ಟಹಾಸ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ. ನನ್ನ ಮೊದಲ ಕಥೆ ವಾಪಸು ಬಂದಾಗ ಅಂಚಿನಲ್ಲಿ ಸಂಪಾದಕರೊಬ್ಬರ ಪೆನ್ಸಿಲ್ ಬರಹವಿತ್ತು: ‘ಇವನು ಯಾಕೆ ನಗುತ್ತಾನೆ?’ ನನಗೂ ಗೊತ್ತಿರಲಿಲ್ಲ.

ನಿರ್ದಯಿ, ಆದರೂ ಅವನ ಗತಿ ನೋಡಿ ಓದುಗರ ಹೊಟ್ಟೆಯಲ್ಲಿ ಸಂಕಟವಾಗಬೇಕು. ಅಂಥ ಸೇನಾನಿಯನ್ನು ಕಟ್ಟುವ ಕೆಲಸ ನನ್ನ ಅನುಭವದಲ್ಲಿ ಹೀಗೆ ಸಾಗುತ್ತದೆ.

ಮೊದಲು, ಆಕಾಶ ಬಿಟ್ಟು ನೆಲ ನೋಡಿ

ಹಿರೂ ಒನೊಡಾ ಎಂಬ ಜಪಾನಿ ಅಧಿಕಾರಿಯನ್ನು 1944ರ ಡಿಸೆಂಬರಿನಲ್ಲಿ ಫಿಲಿಪ್ಪೀನ್ಸ್‌ನ ಲುಬಾಂಗ್ ದ್ವೀಪಕ್ಕೆ ಕಳಿಸಿದರು. ಆತ್ಮಹತ್ಯೆ ಮಾಡಿಕೊಳ್ಳಕೂಡದು, ಎಷ್ಟು ವರ್ಷವಾದರೂ ಹೋರಾಡುತ್ತಿರಬೇಕು, ನಾವು ಬಂದು ಕರೆದೊಯ್ಯುತ್ತೇವೆ ಎಂಬುದು ಆಜ್ಞೆ. 1945ರಲ್ಲಿ ಯುದ್ಧ ಮುಗಿಯಿತು. ಕಾಡಿನ ಮೇಲೆ ಕರಪತ್ರ ಉದುರಿಸಿದರು. ಒನೊಡಾ ಮತ್ತು ಸಂಗಡಿಗರು ಓದಿದರು, ಚರ್ಚಿಸಿದರು, ಇದು ಶತ್ರುಗಳ ಮೋಸ ಎಂದು ತೀರ್ಮಾನಿಸಿದರು. ಜೊತೆಗಿದ್ದ ಮೂವರಲ್ಲಿ ಒಬ್ಬ ಶರಣಾದ, ಇಬ್ಬರು ಗುಂಡಿಗೆ ಸತ್ತರು, ಕೊನೆಯವನು 1972ರಲ್ಲಿ. 1974ರ ಮಾರ್ಚಿನಲ್ಲಿ ಅವನ ಹಳೆಯ ಮೇಲಧಿಕಾರಿ, ಅಷ್ಟರಲ್ಲಿ ಪುಸ್ತಕ ಮಾರಿಕೊಂಡಿದ್ದವರು, ದ್ವೀಪಕ್ಕೇ ಬಂದು ಆಜ್ಞೆ ಹಿಂತೆಗೆದ ಪತ್ರ ಓದಿದ ಮೇಲಷ್ಟೇ ಒನೊಡಾ ಬಂದೂಕು ಕೆಳಗಿಟ್ಟ.

ಇಷ್ಟೇ ಆಗಿದ್ದರೆ ಅದೊಂದು ನಿಷ್ಠೆಯ ಕಥೆ. ಆದರೆ ಆ 29 ವರ್ಷಗಳಲ್ಲಿ ಆ ಗುಂಪಿನ ಕೈಯಲ್ಲಿ ಸತ್ತ ದ್ವೀಪದ ಜನ ಸುಮಾರು 30. ಈ ಎರಡು ಸಂಖ್ಯೆಗಳನ್ನು ಮೇಜಿನ ಎದುರು ಗೋಡೆಗೆ ಅಂಟಿಸಿಕೊಳ್ಳಿ. ಮುಂದಿನದೆಲ್ಲ ಇವುಗಳ ನಡುವೆಯೇ ನಡೆಯುತ್ತದೆ.

ಎರಡನೆಯದು, ಅವನ ಒಳ್ಳೆಯ ಗುಣವನ್ನೇ ಹರಿತ ಮಾಡಿ

ಇಲ್ಲಿ ಹೆಚ್ಚಿನವರು ಎಡವುತ್ತಾರೆ. ಖಳ ಕ್ರೂರಿಯಾದದ್ದಕ್ಕೆ ಕಾರಣವೆಂದು ಬಾಲ್ಯದ ದುಃಖ ತರುತ್ತಾರೆ: ಸುಟ್ಟ ಮನೆ, ಸತ್ತ ತಂಗಿ. ಅದು ವಕೀಲರ ಕೆಲಸ, ಕಥೆಗಾರರದ್ದಲ್ಲ. ಒನೊಡಾನನ್ನು ಕೊಲೆಗಾರನನ್ನಾಗಿ ಮಾಡಿದ್ದು ಸೈನ್ಯ ಹಾಡಿ ಹೊಗಳುವ ಗುಣಗಳೇ: ತಾಳ್ಮೆ, ಶಿಸ್ತು, ಮಾತಿಗೆ ತಪ್ಪದಿರುವುದು. ನಿಮ್ಮ ಸೇನಾನಿಯಲ್ಲೂ ನಿಮಗೆ ನಿಜವಾಗಿ ಮೆಚ್ಚುಗೆಯಾಗುವ ಒಂದು ಗುಣವಿರಲಿ. ಆ ಗುಣ ಕಳಚಿದರೆ ಕೊಲೆಯೂ ನಿಲ್ಲಬೇಕು, ಹಾಗೆ ಹೆಣೆಯಿರಿ.

ಮೂರನೆಯದು, ದುರಂತವನ್ನು ಲೆಕ್ಕ ಹಾಕಿ

ವಿಜ್ಞಾನವನ್ನು ತೆಗೆದರೂ ಕಥೆ ನಿಲ್ಲುವುದಾದರೆ, ಅದು ಶಿರಸ್ತ್ರಾಣ ತೊಟ್ಟ ಹಳೇ ಯುದ್ಧಕಥೆ ಅಷ್ಟೇ. ಒನೊಡಾನಿಗೆ ಕಾಡು ಇತ್ತು. ನಮಗೆ ಬೆಳಕಿನ ವೇಗವಿದೆ.

ಭೂಮಿಯಿಂದ 28 ಜ್ಯೋತಿರ್ವರ್ಷ ದೂರದಲ್ಲಿ ದಂಗೆಯೆದ್ದ ವಸಾಹತು. ಅದನ್ನು ಅಡಗಿಸಲು ನಮ್ಮ ಕಮಾಂಡರ್ ಬೆಳಕಿನ ವೇಗದ ಶೇ 99ರಲ್ಲಿ ಹೊರಡುತ್ತಾನೆ. ಭೂಮಿಯ ಗಡಿಯಾರದಲ್ಲಿ ಪಯಣಕ್ಕೆ 28.3 ವರ್ಷ. ಆ ವೇಗದಲ್ಲಿ ನೌಕೆಯೊಳಗಿನ ಕಾಲ ಸುಮಾರು ಏಳು ಪಟ್ಟು ನಿಧಾನ, ಆದ್ದರಿಂದ ಅವನಿಗೆ ಕಳೆಯುವುದು ನಾಲ್ಕೇ ವರ್ಷ. (ವೇಗ ಏರಿಸುವ, ಇಳಿಸುವ ಕಾಲವನ್ನು ಲೆಕ್ಕದಿಂದ ಬಿಟ್ಟಿದ್ದೇನೆ. ಭೌತಶಾಸ್ತ್ರದ ಮೇಷ್ಟ್ರುಗಳು ದಯವಿಟ್ಟು ಮನ್ನಿಸಬೇಕು.) ಅವನು ಹೊರಟ ಎರಡು ವರ್ಷಕ್ಕೆ ಭೂಮಿಯಲ್ಲಿ ಸರ್ಕಾರ ಬದಲಾಗಿ, ವಸಾಹತನ್ನು ಅದರ ಪಾಡಿಗೆ ಬಿಡಲು ತೀರ್ಮಾನವಾಗುತ್ತದೆ. ‘ದಾಳಿ ಬೇಡ’ ಎಂಬ ಸಂದೇಶ ಬೆಳಕಿನ ವೇಗದಲ್ಲೇ ಹೊರಟರೂ ಅಲ್ಲಿಗೆ ತಲುಪುವುದು 30ನೇ ವರ್ಷದಲ್ಲಿ. ಕಮಾಂಡರ್ ಅದಕ್ಕಿಂತ 20 ತಿಂಗಳು ಮೊದಲೇ ತಲುಪಿರುತ್ತಾನೆ.

ಇನ್ನೊಂದು ಸೂಕ್ಷ್ಮವಿದೆ. ಅವನು ತಲುಪಿದ ದಿನ ಭೂಮಿಯಿಂದ ಕೇಳಿಬರುವ ಸುದ್ದಿ, ಅವನು ಹೊರಟ ಮೂರು ಚಿಲ್ಲರೆ ತಿಂಗಳ ಮೇಲಿನದು. ಅಂದರೆ ಯುದ್ಧದ ಆವೇಶ ಇನ್ನೂ ಕುದಿಯುತ್ತಿದ್ದ ದಿನಗಳದ್ದು. ಅವನ ಕಿವಿಗೆ ಎಲ್ಲವೂ ‘ಹೊಡಿ’ ಎಂದೇ ಕೇಳಿಸುತ್ತದೆ.

ನಾಲ್ಕನೆಯದು, ತಪ್ಪು ಯಾವ ದಿನ ನಡೆಯಬೇಕು?

ನಾನು ಇದಕ್ಕೆ ಎರಡು ವಾರ ತಲೆ ಕೆಡಿಸಿಕೊಂಡೆ. ಮೊದಲ ಕರಡಿನಲ್ಲಿ ಸಂದೇಶ ಬರುವ ಹಿಂದಿನ ದಿನ ವಸಾಹತಿಗೆ ಉಸಿರಾಡುವ ಗಾಳಿ ಒದಗಿಸುವ ಸ್ಥಾವರ ಸ್ಫೋಟಿಸಿದ್ದೆ. ಅಯ್ಯೋ, ಒಂದು ದಿನ ತಡವಾಯಿತಲ್ಲ ಎಂದು ಓದಿದವರೆಲ್ಲ ಮರುಗಿದರು. ಆ ಮರುಕ ಕಮಾಂಡರನಿಗೆ ಸಿಗಲಿಲ್ಲ, ಗಡಿಯಾರಕ್ಕೆ ಸಿಕ್ಕಿತು. ಅದು ಅಪಘಾತ.

ಆಮೇಲೆ ಸ್ಫೋಟವನ್ನು ಮೊದಲ ವಾರಕ್ಕೇ ತಂದೆ. ವಸಾಹತಿನವರು ‘ಸ್ವಲ್ಪ ಕಾಯಿರಿ, ಅಲ್ಲಿ ಏನಾಗಿದೆಯೋ ನಮಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ’ ಎಂದು ಬೇಡುತ್ತಾರೆ. ಅವನ ಕೈಕೆಳಗಿನ ಅಧಿಕಾರಿಯೂ ಅದನ್ನೇ ಹೇಳುತ್ತಾಳೆ. ಕಾದರೆ ಶತ್ರು ಬಲಿಯುತ್ತಾನೆ, ನನ್ನ 300 ಜನ ಸಾಯುತ್ತಾರೆ ಎಂಬುದು ಅವನ ವಾದ. ಆ ವಾದ ಬರೆಯುವ ಹೊತ್ತಿಗೆ ನಿಮಗೂ ಹೌದಲ್ಲ ಅನ್ನಿಸಬೇಕು. ಇಲ್ಲದಿದ್ದರೆ ಆ ದೃಶ್ಯ ಹರಿದುಹಾಕಿ. ಅವನು ಕಾಯುವುದಿಲ್ಲ. ಕಾಯಬಹುದಿತ್ತು ಎಂಬುದೇ ಇಲ್ಲಿ ಮುಖ್ಯ.

ಈಗ ಉಳಿದ 20 ತಿಂಗಳು ನೋಡಿ. ಸುಟ್ಟ ಊರಿನ ಮೇಲೆ ಸುತ್ತುತ್ತಿರುವ ನೌಕೆಗೆ ಭೂಮಿಯ ಸುದ್ದಿ ಒಂದೊಂದೇ ತಿಂಗಳಂತೆ ಬಂದು ಸೇರುತ್ತದೆ. ಐದನೇ ತಿಂಗಳು ಯುದ್ಧವಿರೋಧಿ ಮೆರವಣಿಗೆ. ಹನ್ನೊಂದನೇ ತಿಂಗಳು ಚುನಾವಣೆ. ಹದಿನಾರಕ್ಕೆ ಸಂಧಾನದ ಮಾತು. ಮುಂದೇನು ಬರಲಿದೆಯೆಂದು ಅವನಿಗೆ ಮೊದಲೇ ಹೊಳೆಯುತ್ತದೆ. ರೇಡಿಯೊ ಆರಿಸುವಂತೆ ಆಜ್ಞೆ ಮಾಡಬಲ್ಲ, ಮಾಡುವುದಿಲ್ಲ. ನಿಮ್ಮ ಕಥೆಯ ಅರ್ಧ ಪುಟಗಳನ್ನು ಇಲ್ಲಿ ಖರ್ಚು ಮಾಡಿ.

ಐದನೆಯದು, ಸತ್ತವರ ಲೆಕ್ಕ

ಇದು ಚಿಕ್ಕ ಹೆಜ್ಜೆ, ಆದರೆ ಬಿಡುವಂತಿಲ್ಲ. ಲುಬಾಂಗಿನಲ್ಲಿ ಸತ್ತವರು ಹೇಳಿದವರ ಬಾಯಲ್ಲಿ ಬರೀ ‘ಸುಮಾರು 30’ ಆಗಿ ಉಳಿದರು. ಮೇಲೆ ನಾನೂ ಹಾಗೇ ಬರೆದೆ. ಖಳನ ಕಣ್ಣೀರಿಗೆ ಒಂದು ಪುಟ ಕೊಟ್ಟರೆ ವಸಾಹತಿನ ಒಬ್ಬರಿಗೆ ಎರಡು ಕೊಡಿ: ಅವರ ಹೆಸರು, ಅವತ್ತು ಒಲೆಯ ಮೇಲಿದ್ದ ಅಡುಗೆ, ಮುಗಿಯದ ಜಗಳ. ಆ ಪುಟಗಳನ್ನು ಕಮಾಂಡರನ ಅಳಲಿಗಿಂತ ಮೊದಲು ಇಡಿ.

ಕೊನೆಯದು, ಅವನನ್ನು ಮಾತಾಡಿಸುವ ಬಗೆ

ಅವನಿಗೆ ಪಶ್ಚಾತ್ತಾಪದ ಭಾಷಣ ಬರೆಯಬೇಡಿ. ಮೈ ಮಾತಾಡಲಿ. ಇದಕ್ಕೆ ನಮ್ಮಲ್ಲಿ ಸಾವಿರ ವರ್ಷದ ಹಿಂದಿನ ಪಾಠವಿದೆ. ರನ್ನನ ದುರ್ಯೋಧನ ಎಲ್ಲರನ್ನೂ ಕಳೆದುಕೊಂಡು ವೈಶಂಪಾಯನ ಸರೋವರದಲ್ಲಿ ಅಡಗಿದ್ದಾನೆ. ದಡದಲ್ಲಿ ಭೀಮನ ಗರ್ಜನೆ. ಕವಿ ಹೇಳುವುದು ಇಷ್ಟೇ: ‘ನೀರೊಳಗಿರ್ದುಂ ಬೆಮರ್ತನುರಗಪತಾಕಂ’. ಹಾವಿನ ಬಾವುಟದ ದೊರೆ ನೀರಿನಲ್ಲಿದ್ದೂ ಬೆವರಿದ. ಹೆದರಿಕೆಯ ಬೆವರೆಂದು ಕೆಲವರು ಅರ್ಥ ಮಾಡುವುದುಂಟು. ಆದರೆ ಅದೇ ಪದ್ಯದಲ್ಲಿ ಅವನ ಕಣ್ಣು ಕೋಪದಿಂದ ಕೆಂಪಾಗಿದೆ. ಅಡಗಿರಲು ಒಪ್ಪಿಕೊಂಡ ಅಭಿಮಾನಿಯ ಸಿಟ್ಟು ಅದು. ಇದೇ ದೊರೆ ಅದಕ್ಕೂ ಮೊದಲು ರಣರಂಗದಲ್ಲಿ ಶತ್ರುವಿನ ಮಗ ಅಭಿಮನ್ಯುವಿನ ಶವ ಕಂಡು, ನಿನ್ನಂಥ ಸಾವಿನ ಒಂದು ಪಾಲಾದರೂ ನನಗೆ ಸಿಗಲಿ ಎಂದು ಕೈಮುಗಿದಿದ್ದ. ಆ ಹುಡುಗನನ್ನು ಸುತ್ತುವರಿದು ಕೊಂದದ್ದು ಇವನದೇ ಸೈನ್ಯ. ಕೊಂದವನೇ ಕೈಮುಗಿಯುವ ಆ ಗಳಿಗೆ ನಿಮ್ಮ ಕಥೆಯಲ್ಲಿ ಎಲ್ಲಿದೆ, ಹುಡುಕಿ.

ನನ್ನ ಕಥೆಯಲ್ಲಿ ಅದು 20ನೇ ತಿಂಗಳು ಬಂತು. ರಾತ್ರಿ ಪಾಳಿಯ ಹುಡುಗ ಬಾಗಿಲು ತಟ್ಟುತ್ತಾನೆ.

‘ಸರ್, ಹೆಡ್‌ಕ್ವಾರ್ಟರ್ಸ್‌ನಿಂದ ಸಂದೇಶ ಬಂದಿದೆ.’

‘ಓದು.’

‘ದಾಳಿ ಬೇಡ, ವಾಪಸು ಬನ್ನಿ ಅಂತಿದೆ, ಸರ್.’

‘ಕಳಿಸಿದ ತಾರೀಖು?’

ಹುಡುಗ ಹೇಳುತ್ತಾನೆ. ಕಮಾಂಡರ್ ಬೆರಳು ಮಡಚಿ ಏನೋ ಎಣಿಸುತ್ತಾನೆ, ಮಧ್ಯದಲ್ಲಿ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುತ್ತಾನೆ. ಕ್ಯಾಬಿನ್ನಿನ ಉಷ್ಣತೆ 16 ಡಿಗ್ರಿ. ಅವನ ಅಂಗಿಯ ಬೆನ್ನು ಒದ್ದೆಯಾಗಿರುವುದು ಹುಡುಗನಿಗೆ ಕಾಣುತ್ತದೆ.