‘ಕೊರೆಯಬೇಡಿ’ ಎಂದವರಿಗೆ ಅಂಕ ಎಷ್ಟು?

ಸಾಂಖ್ಯಿಕ ಇಲಾಖೆಯಿಂದ ನಿವೃತ್ತನಾದ ಮೇಲೆ ನನ್ನ ಪಾಲಿಗೆ ಬಂದ ಕೆಲಸಗಳಲ್ಲಿ ಇದು ಎಲ್ಲಕ್ಕಿಂತ ತಲೆ ತಿಂದದ್ದು. ಕೋಲಾರ ಜಿಲ್ಲೆಯಲ್ಲಿ ಕುಡಿಯುವ ನೀರಿನ ವಿಷಯದಲ್ಲಿ ಅಧಿಕಾರಿಗಳಿಗೆ ವೈಜ್ಞಾನಿಕ ಸಲಹೆ ಕೊಡುವ ಒಂದು ಸರ್ಕಾರಿ ಕಚೇರಿ ಹೇಗೆ ಕೆಲಸ ಮಾಡುತ್ತಿದೆ ಎಂದು ನೋಡಿ ವರದಿ ಕೊಡಬೇಕಿತ್ತು. ಕಚೇರಿಯ ಹೆಸರು ಇಲ್ಲಿ ಬೇಡ. ರಸ್ತೆ ಹಾಕುವ ಇಲಾಖೆಯನ್ನು ಅಳೆಯಬಹುದು, ಟೇಪು ಹಿಡಿದರೆ ಅರ್ಧ ಕೆಲಸ ಮುಗಿಯಿತು. ಸಲಹೆ ಕೊಡುವ ಕಚೇರಿ ಏನನ್ನೂ ಕಟ್ಟುವುದಿಲ್ಲ, ಯಾರಿಗೂ ಏನನ್ನೂ ಹಂಚುವುದಿಲ್ಲ. ಅಲ್ಲಿಂದ ಹೊರಬರುವುದು ‘ಇಲ್ಲಿ ಕೊಳವೆಬಾವಿ ಕೊರೆಯಿರಿ’, ‘ಇಲ್ಲಿ ಕೊರೆಯಬೇಡಿ’ ಎಂಬಂಥ ಒಂದು ಪತ್ರ ಮಾತ್ರ. ಅದನ್ನು ಓದಿದವರು ಏನು ಮಾಡುತ್ತಾರೆ ಎಂಬುದು ಬರೆದವರ ಕೈಯಲ್ಲಿಲ್ಲ.

ಈ ತೊಡಕು ದೊಡ್ಡ ಕಚೇರಿಗಳಿಗೂ ಇದೆ. ದೆಹಲಿಯ ಪ್ರಧಾನ ವೈಜ್ಞಾನಿಕ ಸಲಹೆಗಾರರ ಕಚೇರಿ 1999ರಲ್ಲಿ ಶುರುವಾಯಿತು, ಎ.ಪಿ.ಜೆ. ಅಬ್ದುಲ್ ಕಲಾಂ ಆ ಕುರ್ಚಿಯಲ್ಲಿ ಮೊದಲು ಕೂತವರು. ನಮ್ಮ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಅದಕ್ಕಿಂತ ಹಳೆಯದು, 1975ರದ್ದು. ಅಮೆರಿಕದ ಸಂಸತ್ತು 1972ರಲ್ಲಿ ತನಗಾಗಿಯೇ ಒಂದು ತಂತ್ರಜ್ಞಾನ ಮೌಲ್ಯಮಾಪನ ಕಚೇರಿಯನ್ನು ಮಾಡಿಕೊಂಡಿತು, 1995ರಲ್ಲಿ ಹಣ ನಿಲ್ಲಿಸಿ ಅದನ್ನು ಮುಚ್ಚಿತು. ಅದರ ವರದಿಗಳನ್ನು ತಜ್ಞರು ಇಂದಿಗೂ ಹೊಗಳುತ್ತಾರೆ. ಹಾಗಾಗಿ ಒಂದು ಕಚೇರಿ ಉಳಿದಿದೆಯೋ ಮುಚ್ಚಿತೋ ಎಂಬುದರಿಂದ ಅದರ ಸಲಹೆಯ ಗುಣ ತಿಳಿಯುವುದಿಲ್ಲ.

ಮೊದಲ ಭೇಟಿಯಲ್ಲೇ ವಾರ್ಷಿಕ ವರದಿಯನ್ನು ಮುಂದಿಟ್ಟರು. ಇಷ್ಟು ಸ್ಥಳ ಪರಿಶೀಲನೆ, ಇಷ್ಟು ಸಭೆ, ಇಷ್ಟು ತರಬೇತಿ. ಬೇಸಾಯ ಎಷ್ಟು ಚೆನ್ನಾಗಿತ್ತು ಎಂದು ಕೇಳಿದರೆ ನೇಗಿಲ ಸಾಲು ಎಣಿಸಿ ತೋರಿಸಿದ ಹಾಗೆ. ಅದನ್ನು ಪಕ್ಕಕ್ಕಿಟ್ಟು ಆವಕ ಮತ್ತು ಜಾವಕ ವಹಿಗಳನ್ನು ಕೇಳಿದೆ. ಸಲಹೆ ಕೋರಿದ ಪತ್ರ ಬಂದ ದಿನಾಂಕ, ಉತ್ತರ ಹೋದ ದಿನಾಂಕ. ಇವೆರಡರ ಜೊತೆಗೆ ಸಲಹೆ ಕೇಳಿದ ಕಚೇರಿಯಿಂದ ಇನ್ನೊಂದು ದಿನಾಂಕ ತರಿಸಿದೆ: ಕಾರ್ಯಾದೇಶದ್ದು. ಮೂರನ್ನೂ ಒಂದೇ ಸಾಲಿನಲ್ಲಿ ಬರೆದ ಕೂಡಲೇ ಕಥೆ ತಾನಾಗಿ ಬಿಚ್ಚಿಕೊಂಡಿತು. ಹಲವು ಕಡತಗಳಲ್ಲಿ ಗುತ್ತಿಗೆದಾರನಿಗೆ ಆದೇಶ ಹೋದ ಮೇಲೆ ಸಲಹೆ ಬಂದಿತ್ತು. ಸಲಹೆ ತಡವಾದದ್ದರಿಂದ ಹಾಗಾದದ್ದು ಸ್ವಲ್ಪ. ಕೇಳಿದ್ದೇ ತಡವಾದದ್ದು ಹೆಚ್ಚು. ಕಡತಕ್ಕೆ ಒಂದು ಕಾಗದ ಬೇಕಿತ್ತು, ಕೇಳಿದ್ದರು. ಇಂಥವನ್ನು ಸಲಹಾ ಕಚೇರಿಯ ಲೆಕ್ಕಕ್ಕೆ ಹಾಕುವುದು ಅನ್ಯಾಯ. ಆದರೆ ಬಿಟ್ಟುಬಿಡುವಂತೆಯೂ ಇಲ್ಲ, ಏಕೆಂದರೆ ತನ್ನನ್ನು ಯಾವಾಗ ಕೇಳುತ್ತಾರೆ ಎಂಬುದೇ ಆ ಕಚೇರಿಗೆ ಸಿಗುವ ಗೌರವದ ಅಳತೆ.

ಎಲ್ಲಕ್ಕಿಂತ ಹೆಚ್ಚು ಕಾಲ ಹಿಡಿದದ್ದು ಕೊಳವೆಬಾವಿಗಳು. ನದಿ ಇಲ್ಲದ ಜಿಲ್ಲೆ ಇದು. ಪಾಲಾರ್ ಇದ್ದರೂ ಮಳೆ ಬಂದಾಗಷ್ಟೇ ಹೊಳೆ. ಕೆಳಗೆ ಗ್ರಾನೈಟ್ ಮತ್ತು ನೈಸ್ ಶಿಲೆ. ಇಂಥ ಗಟ್ಟಿ ಬಂಡೆಯಲ್ಲಿ ನೀರು ಹಾಸಿಕೊಂಡು ಇರುವುದಿಲ್ಲ. ಮೇಲಿನ ಶಿಥಿಲ ಪದರದಲ್ಲಿ ಒಂದಿಷ್ಟು, ಅದರ ಕೆಳಗೆ ಬಿರುಕುಗಳಲ್ಲಿ ಒಂದಿಷ್ಟು. ಶಿಥಿಲ ಪದರ ಬತ್ತಿದ ಕಡೆ ಸಾವಿರ ಅಡಿ ದಾಟಿ ಬಿರುಕು ಹುಡುಕಬೇಕು. ನಮ್ಮ ಕಡೆಯ ರಿಗ್ ಲಾರಿಯವರು ಅದನ್ನು ‘ಗ್ಯಾಪ್’ ಎನ್ನುತ್ತಾರೆ. ಭೂವಿಜ್ಞಾನಿಗಳು ನೆಲದ ವಿದ್ಯುತ್ ರೋಧಕತೆ ಅಳೆದು ಪಾಯಿಂಟ್ ಮಾಡುತ್ತಾರೆ, ಅಂದರೆ ಕೊರೆಯುವ ಜಾಗ ಗುರುತಿಸುತ್ತಾರೆ. ಆಳ ಹೆಚ್ಚಿದಂತೆ ಆ ಅಳತೆಯ ಖಚಿತತೆ ಕಡಿಮೆಯಾಗುತ್ತದೆ. ಹಾಗಿರುವಾಗ ಮುನ್ನೂರು ಅಡಿಯ ಜಾಗಕ್ಕೂ ಸಾವಿರದ ಇನ್ನೂರು ಅಡಿಯ ಜಾಗಕ್ಕೂ ‘ಕೊಳವೆಬಾವಿ ಕೊರೆಯಲು ಸೂಕ್ತವೆಂದು ಕಂಡುಬರುತ್ತದೆ’ ಎಂಬ ಒಂದೇ ವಾಕ್ಯ ಬರೆದರೆ, ಬರೆದವರು ತಮಗೆ ಗೊತ್ತಿರುವುದನ್ನೇ ಬಚ್ಚಿಟ್ಟುಕೊಂಡಂತೆ. ನೀರು ಬಂದರೆ ಸೂಕ್ತವಾಗಿತ್ತು. ಬಾರದಿದ್ದರೆ ‘ಕಂಡುಬಂದಿತ್ತು’ ಅಷ್ಟೆ. ಎಂದೂ ತಪ್ಪಾಗದ ವಾಕ್ಯದಿಂದ ಯಾರಿಗೂ ಉಪಯೋಗವಿಲ್ಲ.

ನೂರು ಪಾಯಿಂಟ್‌ಗಳಲ್ಲಿ ಎಪ್ಪತ್ತು ಸಫಲ ಎಂದುಕೊಳ್ಳಿ. ಒಳ್ಳೆಯ ಸಾಧನೆಯಂತೆ ಕಾಣುತ್ತದೆ. ಅದೇ ಹೋಬಳಿಯಲ್ಲಿ ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವರು ತೋರಿಸಿದ ಜಾಗಗಳಲ್ಲೂ ಎಪ್ಪತ್ತು ಸಫಲವಾಗಿದ್ದರೆ? ಹಾಗಾಗಿ ರೈತರು ಕೊರೆಸಿದ ಬಾವಿಗಳನ್ನೂ ಜೊತೆಗಿಟ್ಟು ನೋಡಬೇಕಾಯಿತು. ಇಲ್ಲೂ ಒಂದು ಗಂಟು ಇತ್ತು. ರೈತ ತನ್ನ ಹೊಲದಲ್ಲಿ ಕೊರೆಸುತ್ತಾನೆ, ಅದು ಎಷ್ಟೋ ಸಲ ಕೆರೆಯ ಕೆಳಗಿನ ತಗ್ಗು. ಪಂಚಾಯಿತಿಗೆ ಬೇಕಾದದ್ದು ಸರ್ಕಾರಿ ಜಾಗ, ಊರಿಗೆ ಹತ್ತಿರ. ಸಿಗುವುದು ಗೋಮಾಳದ ದಿಣ್ಣೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಭೂವಿಜ್ಞಾನಿಗೆ ಮೋಸ. ದಿಣ್ಣೆಯದನ್ನು ದಿಣ್ಣೆಯದರ ಜೊತೆ, ತಗ್ಗಿನದನ್ನು ತಗ್ಗಿನದರ ಜೊತೆ ಬೇರ್ಪಡಿಸಿ ನೋಡಿದ ಮೇಲೆಯೇ ಕಚೇರಿಯ ನಿಜವಾದ ಕೈಚಳಕ ಕಂಡದ್ದು. ಅದು ಇದ್ದದ್ದು ದಿಣ್ಣೆಗಳಲ್ಲಿ. ತಗ್ಗಿನಲ್ಲಿ ಯಾರು ತೋರಿಸಿದರೂ ಹೆಚ್ಚು ವ್ಯತ್ಯಾಸವಿರಲಿಲ್ಲ.

‘ಸಫಲ’ ಎಂಬುದಕ್ಕೂ ಬೇಲಿ ಹಾಕಬೇಕಿತ್ತು. ಕೊರೆದ ದಿನ ಎರಡು ಇಂಚು ಎಂದು ಬರೆದ ಬಾವಿ ಮುಂದಿನ ಏಪ್ರಿಲ್‌ಗೆ ಗಾಳಿ ಉಗುಳುತ್ತಿರುತ್ತದೆ. ಒಂದು ಪೂರ್ತಿ ಬೇಸಿಗೆ ದಾಟಿದ್ದನ್ನು ಮಾತ್ರ ಸಫಲ ಎಂದು ಹಿಡಿದೆ. ಇದಕ್ಕೆ ದಾಖಲೆ ಹುಡುಕುವ ಬದಲು ನೇರ ವಾಟರ್‌ಮ್ಯಾನ್‌ಗಳ ಬಳಿ ಹೋದೆ. ಮಾಲೂರು ಕಡೆಯ ಒಬ್ಬರು ಹೇಳಿದರು: ‘ಸ್ವಾಮಿ, ಕಾಗದದಲ್ಲಿ ಎಲ್ಲ ಬಾವಿಗೂ ನೀರಿದೆ. ಬೀಗದ ಕೈ ನನ್ನ ಹತ್ತಿರ ಇದೆ, ಬನ್ನಿ, ಒಂದೊಂದನ್ನೇ ಸ್ಟಾರ್ಟ್ ಮಾಡಿ ತೋರಿಸುತ್ತೇನೆ.’ ನನ್ನ ಪ್ರಶ್ನಾವಳಿಗಳೆಲ್ಲ ಸೇರಿ ಕೊಟ್ಟದ್ದಕ್ಕಿಂತ ಹೆಚ್ಚಿನದನ್ನು ಆ ಕೀಲಿಗೊಂಚಲು ಕೊಟ್ಟಿತು.

ಇನ್ನು ‘ಕೊರೆಯಬೇಡಿ’ ಎಂದ ಪತ್ರಗಳು. ವಾರ್ಷಿಕ ವರದಿಯಲ್ಲಿ ಇವುಗಳ ಸುಳಿವೇ ಇಲ್ಲ, ಏಕೆಂದರೆ ಬೇಡ ಎಂದ ಮೇಲೆ ಅಲ್ಲಿ ಏನೂ ಆಗುವುದಿಲ್ಲ. ಉಳಿದ ಹಣಕ್ಕೆ ಉದ್ಘಾಟನೆ ಇರುವುದಿಲ್ಲ. ನನ್ನ ಪ್ರಕಾರ ಈ ಕಚೇರಿ ತಿನ್ನುವ ಅನ್ನಕ್ಕೆ ನ್ಯಾಯ ಸಲ್ಲುವುದೇ ಇಂಥ ಪತ್ರಗಳಲ್ಲಿ. ಆದರೆ ಆಗದೇ ಹೋದದ್ದನ್ನು ಎಣಿಸುವುದು ಹೇಗೆ? ಇಲ್ಲಿ ರಾಜಕೀಯದ ಒತ್ತಡ ನನ್ನ ನೆರವಿಗೆ ಬಂತು. ಬೇಡ ಎಂದರೂ ಒತ್ತಾಯಕ್ಕೆ ಮಣಿದು ಕೊರೆದ ಜಾಗಗಳಿದ್ದವು. ಅವುಗಳನ್ನು ಆರಿಸಿ ಪ್ರತ್ಯೇಕ ಪಟ್ಟಿ ಮಾಡಿದೆ. ಕೊರೆಯಿರಿ ಎಂದ ಜಾಗಗಳಿಗಿಂತ ಅವು ಬಹಳ ಹೆಚ್ಚಾಗಿ ಫೇಲ್ ಆಗಿದ್ದವು. ಕಚೇರಿಯ ಮುಖ್ಯಸ್ಥರಿಗೆ ಆ ಪಟ್ಟಿ ತೋರಿಸಿದಾಗ ಅವರು ಬಹಳ ಹೊತ್ತು ನೋಡಿ, ‘ಸರ್, ಇದನ್ನು ನಾವೇ ಯಾಕೆ ಇಟ್ಟುಕೊಂಡಿರಲಿಲ್ಲ?’ ಎಂದರು.

ಫ್ಲೋರೈಡ್ ಕಡತಗಳಲ್ಲಿ ಬೇರೊಂದು ರೋಗ ಕಂಡಿತು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಸ್ವೀಕಾರಾರ್ಹ. ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು. ಕಚೇರಿಯ ಪತ್ರ ‘ಪರ್ಯಾಯ ಮೂಲ ದೊರೆಯುವವರೆಗೆ, ಬೇಸಿಗೆಯಲ್ಲಿ ಮರುಪರೀಕ್ಷೆಯ ಷರತ್ತಿಗೆ ಒಳಪಟ್ಟು’ ಎಂದಿತ್ತು. ಅದು ಟಿಪ್ಪಣಿ ಹಾಳೆಗೆ ಬಂದಾಗ ‘ಷರತ್ತಿಗೆ ಒಳಪಟ್ಟು ಯೋಗ್ಯ’ ಆಯಿತು. ಆದೇಶಕ್ಕೆ ಬಂದಾಗ ಬರೀ ‘ಯೋಗ್ಯ’. ಯಾರೂ ಸುಳ್ಳು ಬರೆಯಲಿಲ್ಲ, ಎಲ್ಲರೂ ಚಿಕ್ಕದಾಗಿ ಬರೆದರು. ಬ್ರಿಟನ್ನಿನಲ್ಲಿ ಹಸುಗಳಿಗೆ ಹುಚ್ಚುರೋಗ ಬಂದಾಗ 1989ರ ಸೌತ್‌ವುಡ್ ಸಮಿತಿ, ಮನುಷ್ಯರಿಗೆ ಅಪಾಯದ ಸಾಧ್ಯತೆ ತೀರಾ ಕಡಿಮೆ ಎಂದಿತು. ತನ್ನ ಅಂದಾಜು ತಪ್ಪಿದ್ದರೆ ಪರಿಣಾಮ ಅತ್ಯಂತ ಗಂಭೀರ ಎಂದೂ ಸೇರಿಸಿತ್ತು. ಮೊದಲ ಮಾತು ಮಾತ್ರ ಊರೆಲ್ಲ ತಿರುಗಿತು. 1996ರಲ್ಲಿ ಸರ್ಕಾರವೇ ಮನುಷ್ಯರ ಕಾಯಿಲೆಗೂ ಅದಕ್ಕೂ ನಂಟಿರಬಹುದು ಎಂದು ಒಪ್ಪಿಕೊಳ್ಳಬೇಕಾಯಿತು. ಹಾಗಾಗಿ ನಾನು ಪ್ರತಿ ಸಲಹೆಯ ಷರತ್ತನ್ನೂ ಪತ್ರದಿಂದ ಆದೇಶದವರೆಗೆ ಬೆರಳಿಟ್ಟು ಹಿಂಬಾಲಿಸಿ, ಎಲ್ಲಿ ಉದುರಿತು ಎಂದು ಗುರುತು ಹಾಕಿದೆ. ಷರತ್ತನ್ನು ಕೊನೆಯ ಪ್ಯಾರಾದಲ್ಲಿ ಬರೆದದ್ದು ಬೇಗ ಉದುರುತ್ತದೆ, ವಿಷಯದ ಸಾಲಿನಲ್ಲೇ ಬರೆದದ್ದು ಉಳಿಯುತ್ತದೆ.

ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ಪ್ರಸ್ತಾಪವಿಲ್ಲದೆ ಕೋಲಾರದಲ್ಲಿ ನೀರಿನ ಮಾತು ಮುಗಿಯುವುದಿಲ್ಲ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ನಮ್ಮ ಕೆರೆಗಳಿಗೆ ಹರಿಸಲು 2018ರ ಜೂನ್‌ನಲ್ಲಿ ಆರಂಭಿಸಿದರು. ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ಹೈಕೋರ್ಟ್ ತಡೆ ಕೊಟ್ಟಿತು, ನೀರು ನಿಂತಿತು, ಮತ್ತೆ ಹರಿಯಿತು. ಅದು ನನ್ನ ಮೌಲ್ಯಮಾಪನದ ವ್ಯಾಪ್ತಿಯಲ್ಲಿ ಇರಲಿಲ್ಲ, ಆದರೆ ಸಂದರ್ಶನಕ್ಕೆ ಹೋದಲ್ಲೆಲ್ಲ ಅದೇ ಬಂತು. ಬಾವಿಗೆ ನೀರು ಏರಿದವರಿಗೆ ವಿಜ್ಞಾನಿಗಳು ದೇವರು, ನೊರೆ ನೋಡಿದವರಿಗೆ ದ್ರೋಹಿಗಳು. ಅಂತರ್ಜಲದ ಮಟ್ಟ ಏರಿತೇ ಎಂಬುದು ಒಂದು ಪ್ರಶ್ನೆ, ಅದರ ಗುಣ ಏನಾಯಿತು ಎಂಬುದು ಇನ್ನೊಂದು. ಎರಡಕ್ಕೂ ಸೇರಿಸಿ ಒಂದೇ ಉತ್ತರ ಕೊಡುವ ಸಲಹೆಗಾರರನ್ನು ಕಂಡರೆ ನನಗೆ ಅಂದಿನಿಂದ ಅನುಮಾನ.

ವರದಿಯಲ್ಲಿ ನಾನು ಕೇಳಿದ್ದು ಹೆಚ್ಚೇನಲ್ಲ: ‘ಸೂಕ್ತ’ ಎಂಬ ಪದ ಬಿಟ್ಟು ನೂರಕ್ಕೆ ಎಷ್ಟು ಸಾಧ್ಯತೆ, ಯಾವ ಆಳದಲ್ಲಿ ಎಂದು ಬರೆಯಿರಿ. ಹವಾಮಾನ ಮುನ್ಸೂಚನೆಗಳನ್ನು ಅಳೆಯಲು ಹವಾಮಾನ ತಜ್ಞ ಬ್ರೈಯರ್ 1950ರಲ್ಲಿ ಕೊಟ್ಟ ಸರಳ ಲೆಕ್ಕ ಇಲ್ಲಿಗೂ ಒಗ್ಗುತ್ತದೆ. ನೀರು ಬಂದರೆ 1, ಬಾರದಿದ್ದರೆ 0; ನೀವು ಹೇಳಿದ ಸಾಧ್ಯತೆಗೂ ಅದಕ್ಕೂ ಇರುವ ಅಂತರದ ವರ್ಗವೇ (ಅಂತರವನ್ನು ಅದರಿಂದಲೇ ಗುಣಿಸಿದ್ದು) ನಿಮ್ಮ ದಂಡ. ನೂರಕ್ಕೆ ಎಂಬತ್ತು, ಅಂದರೆ 0.8 ಎಂದು ಹೇಳಿ ನೀರು ಬಂದರೆ ದಂಡ 0.04, ಬಾರದಿದ್ದರೆ 0.64. ಏನೂ ಯೋಚಿಸದೆ ಎಲ್ಲದಕ್ಕೂ ಐವತ್ತು ಎನ್ನುವವರ ಸರಾಸರಿ 0.25. ಅದಕ್ಕಿಂತ ಕೆಳಗೆ ಇಳಿಯದವರು ತಮ್ಮ ಯಂತ್ರದ ಖರ್ಚನ್ನು ಸಮರ್ಥಿಸಿಕೊಳ್ಳಲಾರರು.

ಎಂಜಿನಿಯರ್‌ಗಳಿಗೆ ಇದು ಹಿಡಿಸಲಿಲ್ಲ. ಅರವತ್ತು ಎಂದು ಬರೆದರೆ ಲೆಕ್ಕಪರಿಶೋಧನೆಯವರು ‘ನಲವತ್ತು ಅಪಾಯವಿದ್ದೂ ಹಣ ಹಾಕಿದ್ದೇಕೆ’ ಎಂದು ಕೇಳುತ್ತಾರೆ ಎಂಬುದು ಅವರ ದೂರು. ನ್ಯಾಯವಾದ ದೂರೇ. ಕೊನೆಗೆ ಸಂಖ್ಯೆಯನ್ನು ಪತ್ರದಲ್ಲಿ ಬರೆಯದೆ ಕಚೇರಿಯ ಒಳವಹಿಯಲ್ಲಿ, ರಿಗ್ ಲಾರಿ ಹೊರಡುವ ಮೊದಲೇ, ದಿನಾಂಕ ಹಾಕಿ ಬರೆದಿಡುವುದೆಂದು ಒಪ್ಪಿದರು. ‘ಕೊರೆಯಬೇಡಿ’ ಎಂದದ್ದಕ್ಕೂ ಅದರಲ್ಲಿ ಒಂದು ಕಲಂ ಇದೆ. ಲೆಕ್ಕಪರಿಶೋಧನೆಯವರೊಂದಿಗೆ ಮಾತಾಡುವ ಕೆಲಸ ಇನ್ನೂ ಬಾಕಿ. ಅದಕ್ಕೆ ಜಿಲ್ಲಾ ಪಂಚಾಯಿತಿಯಿಂದ ಪತ್ರ ಹೋಗಬೇಕು.