ಹಳೇ ಗ್ಯಾಸ್ ಗ್ರಿಲ್ ಗುಜರಿಗೆ ಹಾಕುವ ಮುಂಚೆ

ತುಕ್ಕು ಹಿಡಿದ ಗ್ರಿಲ್ ಕಂಡ ಕೂಡಲೇ ಎಲ್ಲರ ಕೈ ಹೋಗುವುದು ಪೇಂಟ್ ಡಬ್ಬಿಗೆ. ಅದು ಕೊನೆಯ ಕೆಲಸ. ಹೊರಗೆ ಕಾಣುವ ಕೆಂಪು ಕಲೆ ನೋಡಲು ಚೆನ್ನಾಗಿಲ್ಲ, ಅಷ್ಟೇ. ಗ್ರಿಲ್ ನಿಜವಾಗಿ ಹಾಳಾಗುವುದು ಒಳಗಿನಿಂದ. ಗ್ಯಾಸ್ ಹೋಗುವ ದಾರಿ ಕಟ್ಟಿಕೊಂಡಿರುತ್ತದೆ, ಜಿಡ್ಡು ಗಟ್ಟಿಯಾಗಿರುತ್ತದೆ, ಅದರ ಅಡಿಯಲ್ಲಿ ನೀರು ನಿಂತಿರುತ್ತದೆ. ಆ ಮೂರನ್ನು ಸರಿಮಾಡಿದರೆ ಬಣ್ಣ ಬಳಿಯದಿದ್ದರೂ ಗ್ರಿಲ್ ಚೆನ್ನಾಗಿಯೇ ಉರಿಯುತ್ತದೆ.

ಚುಚ್ಚಿ ನೋಡಿ

ಒಂದು ಸ್ಕ್ರೂಡ್ರೈವರ್ ಸಾಕು. ಬರ್ನರ್ ಕೂರುವ ಪೆಟ್ಟಿಗೆಯ ತಳ, ಕಾಲುಗಳ ಬುಡ, ಸಿಲಿಂಡರ್ ಭಾರ ಹೊರುವ ಪಟ್ಟಿ, ಮುಚ್ಚಳದ ಕೀಲು, ಇಷ್ಟನ್ನೂ ಅದರ ಮೊನೆಯಿಂದ ಒತ್ತಿ ನೋಡಿ. ಗಟ್ಟಿಯಾಗಿ ತಡೆದರೆ ತುಕ್ಕು ಮೇಲಷ್ಟೇ ಇದೆ. ಪದರ ಪದರವಾಗಿ ಉದುರಿ ಮೊನೆ ಒಳಗೆ ಇಳಿದರೆ ಆ ಭಾಗದ ಕಥೆ ಮುಗಿಯಿತು. ಬರ್ನರ್, ಅದರ ಮೇಲಿನ ತಗಡು, ಬೇಯಿಸುವ ಸರಳುಗಳು ಸವೆಯುವ ಸಾಮಾನುಗಳೇ, ಹೊಸದು ಹಾಕಬಹುದು. ಪೆಟ್ಟಿಗೆಯೇ ತೂತಾಗಿದ್ದರೆ ಅಥವಾ ಬರ್ನರನ್ನು ಹಿಡಿದಿಡುವ ಜಾಗ ಕರಗಿ ಹೋಗಿದ್ದರೆ ಮಾತ್ರ ಆಸೆ ಬಿಡಿ. ತಗಡು ಬೆಸೆದು ಉಳಿಸಿಕೊಳ್ಳುವ ಸಾಹಸ ಬೇಡ, ಅಲ್ಲಿ ಇರುವುದು ಬೆಂಕಿ.

ಪೆಟ್ಟಿಗೆ ಅಲ್ಯೂಮಿನಿಯಂನದ್ದಾಗಿದ್ದರೆ ಮೇಲೆ ಬಿಳಿ ಪುಡಿ ಕಾಣಬಹುದು. ಅದು ತುಕ್ಕಲ್ಲ, ಕೆರೆದರೆ ಹೋಗುತ್ತದೆ. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ. ಆದರೆ ಬಿರುಕು ಬಿಡುತ್ತದೆ, ಅದನ್ನು ನೋಡಿಕೊಳ್ಳಿ.

ಬಿಚ್ಚುವುದು

ಸಿಲಿಂಡರ್ ವಾಲ್ವ್ ಮುಚ್ಚಿ, ರೆಗ್ಯುಲೇಟರ್ ತೆಗೆದು, ಸಿಲಿಂಡರನ್ನು ದೂರ ಇಡಿ. ಒಂದೊಂದು ಭಾಗ ಬಿಚ್ಚುವ ಮುಂಚೆಯೂ ಫೋನಿನಲ್ಲಿ ಒಂದು ಫೋಟೊ ತೆಗೆದುಕೊಳ್ಳಿ. ಜೋಡಿಸುವಾಗ ಅದೇ ಕೈ ಹಿಡಿಯುತ್ತದೆ.

ಸ್ಕ್ರೂ ಜಗ್ಗದಿದ್ದರೆ ಬಲ ಹಾಕಬೇಡಿ, ತಲೆ ಸವೆದು ಹೋಗುತ್ತದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ. ಬೆಳಿಗ್ಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮೊದಲು ಒಂದೆಳೆ ಬಿಗಿ ಮಾಡಿ, ಆಮೇಲೆ ಸಡಿಲಿಸಿ. ಮುಂದಕ್ಕೆ ಹೋದ ಸ್ಕ್ರೂ ಹಿಂದಕ್ಕೆ ಬರುವುದು ಸುಲಭ.

ಜಿಡ್ಡು

ಮುಚ್ಚಳದ ಒಳಗಡೆ ಕಪ್ಪು ಚಕ್ಕೆಗಳು ಏಳುತ್ತಿವೆಯೇ? ಪೇಂಟ್ ಕಿತ್ತು ಬರುತ್ತಿದೆ ಅಂತ ಎಷ್ಟೋ ಜನ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಹೊಗೆ ಮತ್ತು ಜಿಡ್ಡು ಸೇರಿ ಸುಟ್ಟು ಕೂತ ಇಂಗಾಲ. ಪ್ಲಾಸ್ಟಿಕ್ ಕೆರೆಯುವ ಪಟ್ಟಿಯಿಂದ ತೆಗೆಯಿರಿ. ಪೆಟ್ಟಿಗೆಯ ತಳವನ್ನೂ ಕೆರೆದು, ಬಿಸಿನೀರು ಮತ್ತು ಪಾತ್ರೆ ತೊಳೆಯುವ ಸೋಪಿನಿಂದ ಉಜ್ಜಿ. ಓವನ್ ಕ್ಲೀನರ್ ಬಳಸುವ ಮುಂಚೆ ಅದರ ಲೇಬಲ್ ಓದಿ. ಕಾಸ್ಟಿಕ್ ಸೋಡಾ ಇದ್ದರೆ ಅಲ್ಯೂಮಿನಿಯಂ ಪೆಟ್ಟಿಗೆಗೆ ತಾಗಿಸಲೇಬೇಡಿ, ಲೋಹವನ್ನೇ ತಿಂದುಬಿಡುತ್ತದೆ.

ಬರ್ನರ್, ಇಲ್ಲಿ ಅವಸರ ಬೇಡ

ಉರಿ ಕಡಿಮೆ, ಒಂದು ಕಡೆ ಜಾಸ್ತಿ ಇನ್ನೊಂದು ಕಡೆ ಇಲ್ಲ, ಹಳದಿ ಜ್ವಾಲೆ: ಈ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ತೀರುತ್ತವೆ. ಗ್ಯಾಸ್ ವಾಲ್ವಿನ ಸಣ್ಣ ತೂತಿನಿಂದ ಬಂದು, ಬರ್ನರ್ ಕೊಳವೆಯ ಬಾಯಲ್ಲಿ ಗಾಳಿಯ ಜೊತೆ ಬೆರೆತು ಒಳಗೆ ಹೋಗುತ್ತದೆ. ಆ ಕೊಳವೆ ಜೇಡಗಳಿಗೆ ಬಲು ಇಷ್ಟದ ಜಾಗ. ತಯಾರಕರ ಕೈಪಿಡಿಗಳಲ್ಲೂ ಜೇಡರ ಬಲೆಯ ಬಗ್ಗೆ ಎಚ್ಚರಿಕೆ ಇರುತ್ತದೆ. ಒಳಗೆ ಬಲೆ ಕಟ್ಟಿದ್ದರೆ ಗ್ಯಾಸ್ ಮುಂದೆ ಹೋಗಲಾರದೆ ಕೊಳವೆಯ ಬಾಯಲ್ಲೇ ಹೊತ್ತಿಕೊಳ್ಳಬಹುದು, ಅಂದರೆ ನಾಬ್‌ಗಳ ಹಿಂದೆ. ಕಣ್ಣಿಗೆ ಕಾಣದ ಈ ಬಲೆ ಹೊರಗಿನ ತುಕ್ಕಿಗಿಂತ ಹೆಚ್ಚು ಅಪಾಯ.

ಉದ್ದ ಹಿಡಿಯ ಬಾಟಲ್ ಬ್ರಷ್ ಕೊಳವೆಯೊಳಗೆ ಕೊನೆಯವರೆಗೆ ಹಾಕಿ ತಿರುಗಿಸಿ ಎಳೆಯಿರಿ. ಬರ್ನರ್ ಮೈಮೇಲಿನ ತೂತುಗಳಿಗೆ ಸಣ್ಣ ತಂತಿ ಸಾಕು. ಕಡ್ಡಿ ಬೇಡ, ತುದಿ ಮುರಿದು ಒಳಗೇ ಉಳಿಯುತ್ತದೆ. ತೂತು ಬಿಡಿಸಬೇಕು, ದೊಡ್ಡದು ಮಾಡಬಾರದು. ಬ್ರಷ್ಷಿನಿಂದ ಉಜ್ಜುವಾಗ ಅಡ್ಡಡ್ಡ ಉಜ್ಜಿ. ತೂತುಗಳ ಸಾಲಿನ ಉದ್ದಕ್ಕೆ ಎಳೆದರೆ ಒಂದರ ಕಸ ಪಕ್ಕದ್ದರೊಳಗೆ ಸೇರುತ್ತದೆ. ಎರಡು ತೂತುಗಳು ತುಕ್ಕು ತಿಂದು ಒಂದಾಗಿದ್ದರೆ ಬರ್ನರ್ ಬದಲಿಸಿ.

ತುಕ್ಕು ತೆಗೆಯುವುದು

ಲೋಹ ಯಾವುದು ಅಂತ ಮೊದಲು ನೋಡಿ. ಬೀಡು ಕಬ್ಬಿಣದ ಸರಳುಗಳನ್ನು ತಂತಿ ಬ್ರಷ್ಷಿನಿಂದ ಚೆನ್ನಾಗಿ ಉಜ್ಜಬಹುದು. ಆಮೇಲೆ ಬ್ರಷ್ಷಿನ ಎಳೆ ಉದುರಿ ಅಂಟಿಕೊಂಡಿದೆಯೇ ಅಂತ ಒದ್ದೆ ಬಟ್ಟೆಯಿಂದ ಒರೆಸಿ ನೋಡಲೇಬೇಕು, ಊಟದಲ್ಲಿ ಸೇರಿದರೆ ಗಂಟಲಿಗೆ ಚುಚ್ಚುತ್ತದೆ. ತುಕ್ಕು ಜಾಸ್ತಿ ಇದ್ದರೆ ಮಾಮೂಲಿ 5 ಶೇಕಡಾ ವಿನೆಗರಿನಲ್ಲಿ ಕೆಲವು ಗಂಟೆ, ಹೆಚ್ಚೆಂದರೆ ಒಂದು ರಾತ್ರಿ ಮುಳುಗಿಸಿಡಿ. ದಿನಗಟ್ಟಲೆ ಬಿಟ್ಟರೆ ಒಳ್ಳೆಯ ಕಬ್ಬಿಣವೂ ಕರಗುತ್ತದೆ. ತೆಗೆದ ಮೇಲೆ ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು, ತಕ್ಷಣ ಬಟ್ಟೆಯಿಂದ ಒರೆಸಿ, ಬಿಸಿ ಮಾಡಿ ಒಣಗಿಸಿ. ತಡಮಾಡಿದರೆ ಕಣ್ಣೆದುರೇ ಕಿತ್ತಳೆ ಬಣ್ಣ ಮತ್ತೆ ಏರುತ್ತದೆ. ಬೆಳ್ಳಗಾದ ಕಬ್ಬಿಣಕ್ಕೆ ರಕ್ಷಣೆಯೇ ಇಲ್ಲ ಅಲ್ವಾ?

ಆ ರಕ್ಷಣೆ ಕೊಡುವುದು ಎಣ್ಣೆ. ಅಡುಗೆ ಎಣ್ಣೆಯನ್ನು ತೆಳ್ಳಗೆ ಸವರಿ, ಮತ್ತೊಂದು ಬಟ್ಟೆಯಿಂದ ಅದನ್ನೂ ಒರೆಸಿಬಿಡಿ. ಉಳಿದಷ್ಟೇ ಪಸೆ ಸಾಕು. 200ರಿಂದ 230 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಮಾರು ಒಂದು ಗಂಟೆ ಕಾಯಿಸಿದರೆ ಎಣ್ಣೆ ಗಟ್ಟಿ ಪೊರೆಯಾಗಿ ಕೂರುತ್ತದೆ. ಕೈ ಧಾರಾಳವಾದರೆ ಪೊರೆ ಅಂಟಂಟಾಗುತ್ತದೆ.

ಎನಾಮಲ್ ಲೇಪದ ಸರಳಿಗೆ ತಂತಿ ಬ್ರಷ್ ಬೇಡ. ಲೇಪ ಎಲ್ಲಿ ಚಕ್ಕೆ ಎದ್ದಿದೆಯೋ ಅಲ್ಲಿಂದಲೇ ತುಕ್ಕು ಒಳಗೆ ಹರಡುತ್ತದೆ.

ಸ್ಟೇನ್‌ಲೆಸ್ ಸ್ಟೀಲ್ ತುಕ್ಕೇ ಹಿಡಿಯುವುದಿಲ್ಲ ಅನ್ನುವುದು ಅರ್ಧ ನಿಜ. ಅದರಲ್ಲಿರುವ ಕ್ರೋಮಿಯಂ ಮೇಲ್ಮೈಯಲ್ಲಿ ಒಂದು ತೆಳು ಪದರ ಕಟ್ಟಿ ಕಾಪಾಡುತ್ತದೆ. ಉಪ್ಪು ಮತ್ತು ಬ್ಲೀಚ್ ಆ ಪದರವನ್ನು ಒಡೆಯುತ್ತವೆ. 304 ದರ್ಜೆಯಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕ್ಕಲ್ ಇರುತ್ತದೆ. ಅಗ್ಗದ 430 ದರ್ಜೆಯಲ್ಲಿ ನಿಕ್ಕಲ್ ಇಲ್ಲವೆನ್ನುವಷ್ಟು ಕಡಿಮೆ, ಬೇಗ ಕಲೆಯಾಗುತ್ತದೆ. ಅಯಸ್ಕಾಂತ ಬಲವಾಗಿ ಹಿಡಿದರೆ 430ರ ಜಾತಿಯದು ಅಂತ ತಿಳಿಯಬಹುದು. ಸ್ಟೇನ್‌ಲೆಸ್‌ಗೆ ಮಾಮೂಲಿ ಉಕ್ಕಿನ ಬ್ರಷ್ ತಾಗಿಸಬೇಡಿ. ಅದು ಉದುರಿಸಿದ ಕಬ್ಬಿಣದ ಪುಡಿಯೇ ನಾಳೆ ತುಕ್ಕಿನ ಚುಕ್ಕೆಯಾಗುತ್ತದೆ.

ಈಗ ಪೇಂಟ್

ಹೊರಮೈಗೆ ಮಾತ್ರ. ಬೇಯಿಸುವ ಸರಳಿಗೆ, ಪೆಟ್ಟಿಗೆಯ ಒಳಗೆ, ಮುಚ್ಚಳದ ಒಳಮೈಗೆ ಪೇಂಟ್ ಬಳಿಯಬಾರದು. ತುಕ್ಕಿರುವಲ್ಲಿ 80 ನಂಬರಿನ ಸ್ಯಾಂಡ್‌ಪೇಪರಿನಿಂದ ಶುರುಮಾಡಿ 220ಕ್ಕೆ ಮುಗಿಸಿ, ಜಿಡ್ಡಿನ ಪಸೆ ಉಳಿಯದ ಹಾಗೆ ಒರೆಸಿ. ಹೆಚ್ಚಿನ ಬಿಸಿ ತಡೆಯುವ ಸ್ಪ್ರೇ ಪೇಂಟೇ ಬೇಕು. ಎಷ್ಟು ಡಿಗ್ರಿ ತಡೆಯುತ್ತದೆ ಅಂತ ಡಬ್ಬಿಯ ಮೇಲೆಯೇ ಬರೆದಿರುತ್ತದೆ. ದಪ್ಪನೆಯ ಒಂದೇ ಕೋಟ್‌ಗಿಂತ ತೆಳುವಾದ ಎರಡು ಮೂರು ಕೋಟು ಮೇಲು. ಇಂಥ ಪೇಂಟ್ ಪೂರ್ತಿ ಗಟ್ಟಿಯಾಗುವುದು ಬಿಸಿಯಲ್ಲಿ. ಡಬ್ಬಿಯಲ್ಲಿ ಹೇಳಿದಂತೆ ಹಂತ ಹಂತವಾಗಿ, ಬಯಲಿನಲ್ಲಿ ಕಾಯಿಸಿ.

ಹೊತ್ತಿಸುವ ಮುಂಚೆ

ಪೈಪನ್ನು ಬಾಗಿಸಿ ನೋಡಿ, ಬಿರುಕು ಕಂಡರೆ ಹೊಸದು ಹಾಕಿ. ಎಲ್ಲಾ ನಾಬ್ ಮುಚ್ಚಿ, ಸಿಲಿಂಡರ್ ವಾಲ್ವ್ ಮೆಲ್ಲಗೆ ತೆರೆದು, ಕೂಡಿಕೆಗಳಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದು ಬೆಳೆದರೆ ಸೋರುತ್ತಿದೆ ಎಂದರ್ಥ. ವಾಲ್ವ್ ಮುಚ್ಚಿ, ಬಿಗಿ ಮಾಡಿ, ಮತ್ತೆ ನೋಡಿ. ಕಡ್ಡಿ ಗೀರಿ ಸೋರಿಕೆ ಹುಡುಕುವುದು ಬೇಡವೇ ಬೇಡ.

ಹೊತ್ತಿಸುವಾಗ ಮುಚ್ಚಳ ಯಾವಾಗಲೂ ತೆರೆದಿರಲಿ. ಹತ್ತಿಕೊಳ್ಳದಿದ್ದರೆ ಗ್ಯಾಸ್ ಬಂದ್ ಮಾಡಿ ಐದು ನಿಮಿಷ ಕಾಯಿರಿ. ಎಲ್‌ಪಿಜಿ ಗಾಳಿಗಿಂತ ಭಾರ, ತಳದಲ್ಲೇ ತಂಗಿರುತ್ತದೆ. ಜ್ವಾಲೆ ನೀಲಿಯಾಗಿ, ತುದಿಯಲ್ಲಿ ಚೂರು ಹಳದಿ ಇದ್ದರೆ ಕೆಲಸ ಸರಿಯಾಗಿದೆ.

ಮತ್ತೆ ತುಕ್ಕು ಬರದಂತೆ

ಅಡುಗೆ ಮುಗಿದ ಮೇಲೆ ಉರಿ ಜೋರು ಮಾಡಿ ಎಲ್ಲವನ್ನೂ ಸುಟ್ಟು ತೆಗೆಯುವುದು ಹಲವರ ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಸರಳಿನ ಮೇಲಿನ ಎಣ್ಣೆ ಪಸೆ ಸುಟ್ಟು ಹೋಗಿ ಬೂದಿ ಉಳಿಯುತ್ತದೆ, ಬೂದಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಸುಮ್ನೆ ಒಮ್ಮೆ ಕೆರೆದು ಎಣ್ಣೆ ಸವರಿಡಿ, ಸುಡುವ ಕೆಲಸ ಮುಂದಿನ ಸಲದ ಅಡುಗೆಗೆ ಮುಂಚೆ ಆಗಲಿ. ಜಿಡ್ಡಿನ ತಟ್ಟೆಯನ್ನು ಆಗಾಗ ಖಾಲಿ ಮಾಡಿ. ಪೆಟ್ಟಿಗೆಯ ತಳಕ್ಕೆ ಫಾಯಿಲ್ ಹಾಸಬೇಡಿ. ಜಿಡ್ಡು ಇಳಿಯುವ ದಾರಿ ಮುಚ್ಚಿ ಬೆಂಕಿ ಹತ್ತುತ್ತದೆ, ಅಡಿಯಲ್ಲಿ ನೀರೂ ನಿಲ್ಲುತ್ತದೆ.

ಹೊದಿಕೆ ಹಾಕಿದ್ದೇವೆ, ಆದರೂ ತುಕ್ಕು ಬಂತು ಅನ್ನುವವರು ಬಹಳ. ಬಿಸಿ ಆರದ ಅಥವಾ ಒದ್ದೆ ಗ್ರಿಲ್ ಮೇಲೆ ಹೊದಿಸಿದರೆ ಹಬೆ ಒಳಗೇ ಸಿಕ್ಕಿಬೀಳುತ್ತದೆ. ಪೂರ್ತಿ ತಣ್ಣಗಾದ ಮೇಲೆ, ಗಾಳಿ ಆಡಲು ಕಿಂಡಿ ಇರುವ ಹೊದಿಕೆಯನ್ನೇ ಹಾಕಿ. ಮಳೆ ಬಂದು ನಿಂತ ಮೇಲೆ ಅದನ್ನು ತೆಗೆದು ಬಿಸಿಲು ತೋರಿಸಿ. ಸಮುದ್ರದ ಹತ್ತಿರ ಇರುವವರು ಹೊರಮೈಯನ್ನು ಆಗಾಗ ಸಿಹಿನೀರಿನ ಬಟ್ಟೆಯಿಂದ ಒರೆಸಿ ಒಣಗಿಸಬೇಕು. ಅಲ್ಲಿ ಗಾಳಿಯಲ್ಲೇ ಉಪ್ಪು ಇರುತ್ತದೆ, ಹೊದಿಕೆಯ ಕೆಳಗಿನಿಂದಲೂ ನುಗ್ಗುತ್ತದೆ.