‘ಕಡಿಮೆ ಆಯ್ತು’ ಅನ್ನುವುದನ್ನು ಇಂಗ್ಲಿಷಿನಲ್ಲಿ ಹೇಳುವುದು ಹೇಗೆ?

ಆಫೀಸಿನ ಈಮೇಲ್, ಮಕ್ಕಳ ಪ್ರಬಂಧ, ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪು, ಎಲ್ಲಿ ನೋಡಿದರೂ ಒಂದೇ ಪದ: ರಿಡ್ಯೂಸ್. ಮಳೆ ರಿಡ್ಯೂಸ್ ಆಯ್ತು, ಜ್ವರ ರಿಡ್ಯೂಸ್ ಆಯ್ತು, ಮಾವನ ಸಿಟ್ಟೂ ರಿಡ್ಯೂಸ್ ಆಯ್ತು. ಕನ್ನಡದ ಮಧ್ಯೆ ಹೀಗೆ ಸೇರಿಸಿ ಮಾತಾಡಿದರೆ ನನ್ನದೇನೂ ತಕರಾರಿಲ್ಲ. ಅದನ್ನೇ ಪೂರ್ತಿ ಇಂಗ್ಲಿಷಿಗೆ ತಿರುಗಿಸಿ ‘ದಿ ರೇನ್ ರಿಡ್ಯೂಸ್ಡ್’ ಅಂತ ಬರೆದಾಗ ತೊಂದರೆ ಶುರುವಾಗುತ್ತದೆ.

ಹೆಜ್ಜೆ 1: ಮೊದಲು ಕನ್ನಡದಲ್ಲೇ ಹುಡುಕಿ

‘ಕಡಿಮೆ’ ಅನ್ನುವುದನ್ನು ಪಕ್ಕಕ್ಕಿಡಿ. ಕೆರೆ ಬತ್ತುತ್ತದೆ, ಪ್ರವಾಹ ಇಳಿಯುತ್ತದೆ, ಬಣ್ಣ ಮಾಸುತ್ತದೆ, ಒಗೆದ ಬಟ್ಟೆ ಕುಗ್ಗುತ್ತದೆ, ಕೂಡಿಟ್ಟ ದುಡ್ಡು ಕರಗುತ್ತದೆ. ಇಂಗ್ಲಿಷಿನಲ್ಲೂ ಹಾಗೇ: ಡ್ರೈ ಅಪ್, ರಿಸೀಡ್, ಫೇಡ್, ಶ್ರಿಂಕ್, ಡ್ವಿಂಡಲ್. ನೋವು, ಜ್ವರ, ಗಲಾಟೆ ತಣ್ಣಗಾದರೆ ಸಬ್‌ಸೈಡ್. ಮಳೆಗೆ ‘ದಿ ರೇನ್ ಹ್ಯಾಸ್ ಈಸ್ಡ್’ ಅಂದರೆ ಸಾಕು. ಟಿವಿ ಸೌಂಡ್ ಆದರೆ ಟರ್ನ್ ಡೌನ್. ಸಮಾನಾರ್ಥಕ ಪದಗಳ ಪಟ್ಟಿ ಕೊಡುವ ಆ್ಯಪ್‌ಗಳನ್ನು ಮಾತ್ರ ನಂಬಬೇಡಿ. ಹತ್ತಾರು ಪದಗಳನ್ನು ಒಂದೇ ಸಾಲಿನಲ್ಲಿ ಸುರಿದುಬಿಡುತ್ತವೆ, ಯಾವುದನ್ನು ಎಲ್ಲಿ ಹಾಕಬೇಕು ಅಂತ ಹೇಳುವುದೇ ಇಲ್ಲ.

ಹೆಜ್ಜೆ 2: ಆಯಿತೋ, ಮಾಡಿದರೋ?

ಎಲ್ಲರೂ ಎಡವುವುದು ಇಲ್ಲೇ, ಸ್ವಲ್ಪ ನಿಧಾನವಾಗಿ ಓದಿ. ‘ಕಡಿಮೆಯಾಯಿತು’ ಬೇರೆ, ‘ಕಡಿಮೆ ಮಾಡಿದರು’ ಬೇರೆ, ಇದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಇಂಗ್ಲಿಷಿಗೆ ಹೋದ ಕೂಡಲೇ ಮರೆತುಬಿಡುತ್ತೇವೆ. ರಿಡ್ಯೂಸ್ ಸಾಮಾನ್ಯವಾಗಿ ‘ಮಾಡು’ ಗುಂಪಿನದು. ಯಾರೋ ಏನನ್ನೋ ಕಡಿಮೆ ಮಾಡಬೇಕು. ‘ದೇ ರಿಡ್ಯೂಸ್ಡ್ ದಿ ಫೀಸ್’ ಸರಿ, ‘ದಿ ಫೀಸ್ ರಿಡ್ಯೂಸ್ಡ್’ ಸರಿಯಿಲ್ಲ. ಅಡುಗೆಮನೆಯಲ್ಲಿ ಮಾತ್ರ ವಿನಾಯಿತಿ ಇದೆ, ಸಾಸ್ ಕುದ್ದು ಬತ್ತಿದರೆ ‘ದಿ ಸಾಸ್ ರಿಡ್ಯೂಸಸ್’ ಅನ್ನಬಹುದು.

ಡ್ವಿಂಡಲ್, ವೇನ್, ಸಬ್‌ಸೈಡ್, ರಿಸೀಡ್ ಇವೆಲ್ಲ ‘ಆಗು’ ಗುಂಪಿನವು. ನೋವು ತಾನಾಗಿ ಸಬ್‌ಸೈಡ್ ಆಗುತ್ತದೆ, ಡಾಕ್ಟರ್ ಅದನ್ನು ಸಬ್‌ಸೈಡ್ ಮಾಡಲಾರರು. ಡಿಕ್ರೀಸ್, ಶ್ರಿಂಕ್, ಡಿಮಿನಿಶ್ ಎರಡೂ ಕಡೆ ನಡೆಯುತ್ತವೆ, ಹಾಗಾಗಿ ಗೊಂದಲವಾದಾಗ ಡಿಕ್ರೀಸ್ ಹಾಕಿ ಬಚಾವಾಗಬಹುದು. ನನ್ನನ್ನು ಕೇಳಿದರೆ ಬೆಲೆ, ಸಂಖ್ಯೆ, ಮಟ್ಟ ಇಳಿದಾಗಲೆಲ್ಲ ‘ಫಾಲ್’ ಬಳಸಿ. ಚಿಕ್ಕ ಪದ, ಎಲ್ಲರಿಗೂ ಅರ್ಥವಾಗುತ್ತದೆ. ಅದನ್ನೇ ಉದ್ದ ಮಾಡಲು ಹೋಗಿ ‘ಡೌನ್‌ಫಾಲ್ ಇನ್ ಸೇಲ್ಸ್’ ಅಂತ ಮಾತ್ರ ಬರೆಯಬೇಡಿ. ಡೌನ್‌ಫಾಲ್ ಅಂದರೆ ಪತನ, ಸಾಮ್ರಾಜ್ಯಗಳಿಗೆ, ಸರ್ಕಾರಗಳಿಗೆ ಆಗುವಂಥದ್ದು.

ಇದು ಬರೀ ವ್ಯಾಕರಣದ ವಿಷಯವಲ್ಲ. ಮಾರುಕಟ್ಟೆಗೆ ಟೊಮೆಟೊ ಜಾಸ್ತಿ ಬಂದು ದರ ಬಿದ್ದರೆ ‘ದಿ ಪ್ರೈಸ್ ಫೆಲ್’. ಅಂಗಡಿಯವನೇ ಇಳಿಸಿದ್ದರೆ ‘ದಿ ಪ್ರೈಸ್ ವಾಸ್ ರಿಡ್ಯೂಸ್ಡ್’. ಕಂಪನಿಯೊಂದು ಜನರನ್ನು ಮನೆಗೆ ಕಳಿಸಿ, ವರದಿಯಲ್ಲಿ ‘ದಿ ನಂಬರ್ ಆಫ್ ಎಂಪ್ಲಾಯೀಸ್ ಡಿಕ್ರೀಸ್ಡ್’ ಅಂತ ಬರೆದರೆ ಅವರೆಲ್ಲ ತಾವಾಗಿಯೇ ಕರಗಿಹೋದರು ಅಂದ ಹಾಗೆ. ಅಲ್ಲಿ ಬರಬೇಕಾದದ್ದು ‘ಕಟ್’.

ಮದುವೆ ಮನೆಯಲ್ಲಿ ಸಿಕ್ಕವರೆಲ್ಲ ಹೇಳುವ ‘ಯು ಹ್ಯಾವ್ ರಿಡ್ಯೂಸ್ಡ್’ ನಮ್ಮ ಕಡೆ ನಡೆಯುತ್ತದೆ ಬಿಡಿ. ಹೊರದೇಶದವರ ಜೊತೆ ಮಾತಾಡುವಾಗ ‘ಲಾಸ್ಟ್ ವೇಟ್’ ಅನ್ನಿ.

ಹೆಜ್ಜೆ 3: 10ರಷ್ಟೋ, 10ಕ್ಕೋ?

‘ಬೈ’ ಅಂದರೆ ‘ರಷ್ಟು’, ‘ಟು’ ಅಂದರೆ ‘ಕ್ಕೆ’. ಇಷ್ಟೇ. ಆದರೂ ಜನ ಅದಲುಬದಲು ಮಾಡುತ್ತಾರೆ. 40 ಮಿಲಿಗ್ರಾಂ ಮಾತ್ರೆಯನ್ನು ‘ರಿಡ್ಯೂಸ್ ಬೈ 10’ ಅಂದರೆ ಉಳಿಯುವುದು 30, ‘ರಿಡ್ಯೂಸ್ ಟು 10’ ಅಂದರೆ ಬರೀ 10. ಚೀಟಿಯಲ್ಲಿ ‘ಟೇಪರ್’ ಅಂತ ಇದ್ದರೆ ಡಾಕ್ಟರ್ ಹೇಳಿದ ಲೆಕ್ಕದಲ್ಲೇ ಹಂತ ಹಂತವಾಗಿ ಇಳಿಸಬೇಕು. ಉದಾಹರಣೆಗೆ, ಬಹಳ ದಿನ ಸ್ಟೀರಾಯ್ಡ್ ತೆಗೆದುಕೊಂಡಾಗ ದೇಹ ತಾನೇ ತಯಾರಿಸುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ಕಡಿಮೆಯಾಗಿರುತ್ತದೆ. ಅದು ಮತ್ತೆ ಚುರುಕಾಗಲು ಸಮಯ ಬೇಕು, ಅದಕ್ಕೇ ಒಮ್ಮೆಗೇ ನಿಲ್ಲಿಸುವ ಹಾಗಿಲ್ಲ.

ಶೇಕಡಾ ಲೆಕ್ಕದಲ್ಲಿ ಇನ್ನೊಂದು ಗುಂಡಿ ಇದೆ. 2025ರ ಫೆಬ್ರುವರಿಯಲ್ಲಿ ರಿಸರ್ವ್ ಬ್ಯಾಂಕ್ ರೆಪೊ ದರವನ್ನು, ಅಂದರೆ ಬೇರೆ ಬ್ಯಾಂಕುಗಳಿಗೆ ತಾನು ಕೊಡುವ ಸಾಲದ ಬಡ್ಡಿದರವನ್ನು, ಶೇ 6.50ರಿಂದ ಶೇ 6.25ಕ್ಕೆ ಇಳಿಸಿತು. ಇದು ‘0.25 ಪರ್ಸೆಂಟೇಜ್ ಪಾಯಿಂಟ್’ ಇಳಿಕೆ. ಬರೀ ‘0.25 ಪರ್ಸೆಂಟ್’ ಅಂದರೆ 6.50ರಲ್ಲಿ ಶೇ 0.25 ಅಂತ ಅರ್ಥ, ಅದು ಏನೇನೂ ಅಲ್ಲ.

ಹೆಜ್ಜೆ 4: ಚಿಲ್ಲರೆ ವಿಷಯಗಳು

ಡಿಕ್ರೀಸ್ ನಾಮಪದವಾದರೆ ಒತ್ತು ‘ಡಿ’ ಮೇಲೆ, ಕ್ರಿಯಾಪದವಾದರೆ ‘ಕ್ರೀಸ್’ ಮೇಲೆ. ಎಣಿಸುವಂಥದ್ದಕ್ಕೆ ಫ್ಯೂಯರ್, ಎಣಿಸಲಾಗದ್ದಕ್ಕೆ ಲೆಸ್. ಇದಕ್ಕಾಗಿ ತಲೆ ಕೆಡಿಸಿಕೊಳ್ಳಬೇಡಿ, ಇಂಗ್ಲಿಷರೇ ಇನ್ನೂ ಜಗಳವಾಡುತ್ತಾರೆ. ಬ್ರಿಟನ್ನಿನ ಟೆಸ್ಕೊ ಅಂಗಡಿಗಳು ‘10 ಐಟಮ್ಸ್ ಆರ್ ಲೆಸ್’ ಮಾದರಿಯ ಬೋರ್ಡಿನ ಕಿರಿಕಿರಿ ತಪ್ಪಿಸಲು 2008ರಲ್ಲಿ ‘ಅಪ್ ಟು 10 ಐಟಮ್ಸ್’ ಅನ್ನುವ ದಾರಿ ಹಿಡಿದವು.

ಹೆಜ್ಜೆ 5: ಗಾತ್ರವಲ್ಲ, ಮಹತ್ವ ಕುಂದಿದರೆ

ಮನುಷ್ಯರ ಪ್ರಭಾವ, ಜನರ ಆಸಕ್ತಿ ಮೆಲ್ಲಗೆ ಕ್ಷೀಣಿಸಿದರೆ ವೇನ್. ಕೃಷ್ಣಪಕ್ಷದ ಚಂದ್ರನಿಗೂ ಇದೇ ಪದ. ದೊಡ್ಡ ವಿಷಯವನ್ನು ‘ಏನಿಲ್ಲ ಬಿಡಿ’ ಅಂತ ತೇಲಿಸಿದರೆ ಪ್ಲೇ ಡೌನ್, ಬೇಕಂತಲೇ ಕೀಳಾಗಿ ಮಾತಾಡಿದರೆ ಬಿಲಿಟಲ್. ಹುದ್ದೆಯಲ್ಲಿ ಕೆಳಗಿಳಿಸಿದರೆ ಡಿಮೋಟ್. ಇದಕ್ಕೆ ‘ಡಿಗ್ರೇಡ್’ ಅಂತ ಬರೆಯುವವರನ್ನು ನೋಡಿದ್ದೇನೆ, ಅದು ಮಾನ ಕಳೆಯುವ ಮಾತು.

2006ರ ಆಗಸ್ಟ್‌ನಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೊವನ್ನು ಗ್ರಹಗಳ ಸಾಲಿನಿಂದ ತೆಗೆದು ಕುಬ್ಜ ಗ್ರಹ ಅಂತ ಕರೆಯಿತು. ಅದನ್ನೇ ಹಿಡಿದುಕೊಂಡು ಅಮೆರಿಕದ ಇಂಗ್ಲಿಷನ್ನು ಅಧ್ಯಯನ ಮಾಡುವ ಅಮೆರಿಕನ್ ಡಯಲೆಕ್ಟ್ ಸೊಸೈಟಿ ಆ ವರ್ಷದ ಪದವಾಗಿ ಆರಿಸಿದ್ದು ‘ಪ್ಲೂಟೋಡ್’, ಅಂದರೆ ಸ್ಥಾನ ಕಳಕೊಂಡ ಅಂತ. ಗೆಳೆಯರ ಹರಟೆಯಲ್ಲಿ ಬಳಸಿ, ಮಜಾ ಇರುತ್ತದೆ. ಎಚ್‌ಆರ್‌ಗೆ ಬರೆಯುವ ಪತ್ರದಲ್ಲಿ ಡಿಮೋಟೆಡ್ ಅಂತಲೇ ಇರಲಿ.